ಚಿಮಣಿ ದಾಟಿದ ಚಿಕ್ಕಿ

ಹಂಪಮ್ಮ ಯಾರನ್ನೇ ಕೂಗಿದರೂ ಮೂರು ಸಲ ಕೂಗುತ್ತಿದ್ದಳು. ಮೊದಲ ಕೂಗಿಗೇ ನೀವು "ಓ" ಎಂದರೂ ಬಿಡುವವಳಲ್ಲ, ಇನ್ನೆರಡನ್ನು ಮುಗಿಸಿಯೇ ಮಾತಿಗೆ ಇಳಿಯುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ, "ಕತ್ತಲಾಗ ಒಂದ ಸಲ ಕರಿಯೋದು ದೆವ್ವ ರೀ ಟೀಚರಮ್ಮ. ಓ ಅಂದವರನ್ನ ಕರ್ಕೊಂಡು ಹೋಗಿಬಿಡ್ತೈತಿ. ಮೂರು ಸಲ ಕರದ್ರ ಮನುಷ್ಯಾರು ಅಂತ ತಿಳ್ಕೋಬೇಕು" ಎಂದಿದ್ದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

ಕಂಪ್ಲಿಯ ನಮ್ಮ ಓಣಿಯ ಹೆಂಗಸರನ್ನು ಭತ್ತದ ನಾಟಿಗೆ ಎಬ್ಬಿಸಿ ಕರೆದೊಯ್ಯುವುದು ಅವಳ ಕೆಲಸ. ಹದಿನಾಲ್ಕು ಮನೆ, ಹದಿನಾಲ್ಕು ಚಿಲಕ. ಎಲ್ಲವನ್ನೂ ತಾನೇ ಅಲ್ಲಾಡಿಸಬೇಕು. ಗಡಿಯಾರ ನೋಡುವ ಅಭ್ಯಾಸವೇ ಇಲ್ಲ. ಓಣಿಯ ಮೂಡಲಿಗೆ ಅಕ್ಕಿ ಗಿರಣಿಯ ಚಿಮಣಿ ಇದೆ. ಮುಂಜಾನೆ ಮೂಡುವ ನಕ್ಷತ್ರ, ಬೆಳ್ಳಿ ಚಿಕ್ಕಿ, ಆ ಚಿಮಣಿ ದಾಟಿ ಮೇಲೇರಿತೆಂದರೆ ಹೊರಡುವ ಹೊತ್ತು. ಬೆಳ್ಳಿ ಮುಂಜಾನೆ ಬಿಟ್ಟು ಸಂಜೆಗೆ ಕಾಣುವ ತಿಂಗಳುಗಳಲ್ಲಿ "ಬೆಳ್ಳಿ ತವರಿಗೆ ಹೋಗ್ಯಾಳ" ಎಂದು ಕೋಳಿ ಕೂಗುವುದನ್ನು ಕಾಯುತ್ತಿದ್ದಳು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಬಾರದೇ ಎಂದರೆ, "ನಿಮ್ಮ ಫೋನಿಗೆ ದಿನಾ ರಾತ್ರಿ ಕೂಳು ಹಾಕ್ಬೇಕು. ನನ್ನ ಬೆಳ್ಳಿ ಏನೂ ಕೇಳಂಗಿಲ್ಲ" ಎನ್ನುತ್ತಿದ್ದಳು.

ನಾನು ಸಂಡೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಹೋಗಬೇಕಾದ್ದರಿಂದ ನಾಲ್ಕಕ್ಕೇ ಎದ್ದು ಲೈಟ್ ಹಾಕುತ್ತೇನೆ. ಕಿಟಕಿಯ ಆಚೆ ಆಕೆ, ಈಚೆ ನಾನು. ಒಮ್ಮೆ ನನ್ನ ಬುದ್ಧಿವಂತಿಕೆ ತೋರಿಸಲು, "ಅದು ಚಿಕ್ಕಿ ಅಲ್ಲ ಹಂಪಮ್ಮ, ಶುಕ್ರಗ್ರಹ" ಎಂದೆ. "ಏನರ ಆಗ್ಲಿ ಬಿಡ್ರಿ, ಹೇಳಿದ ಹೊತ್ತಿಗೆ ಬರ್ತೈತಿ. ನಿಮ್ಮ ಬಸ್ಸು ಬರ್ತೈತೇನು?" ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಆ ಮಳೆಗಾಲದಲ್ಲಿ ಬೆಳ್ಳಿಯ ಕೆಳಗೆ ಇನ್ನೊಂದು ಹೊಳೆಯುವ ಚಿಕ್ಕಿ ಮೂಡತೊಡಗಿತ್ತು. ಅದು ಗುರುಗ್ರಹ. "ತಂಗಿ ಬಂದಾಳ" ಎಂದು ಹಂಪಮ್ಮ ಖುಷಿಪಟ್ಟಳು. ಮುಂದೆ ಮೋಡ ಕವಿಯಿತು. ಮೂರು ನಾಲ್ಕು ವಾರ ಆಕಾಶ ಕಣ್ಣು ಬಿಡಲೇ ಇಲ್ಲ. ಆ ಮರೆಯಲ್ಲಿ ಗುರು ಮೇಲೇರಿ, ಬೆಳ್ಳಿ ಕೆಳಗಿಳಿದು, ಎರಡೂ ಜಾಗ ಬದಲಿಸಿಕೊಂಡಿದ್ದವು; ಚಿಮಣಿಯನ್ನು ಮೊದಲು ದಾಟುವುದು ಈಗ ಗುರು. ವಿಜ್ಞಾನದ ಟೀಚರಾದ ನನಗೆ ಇದು ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಹೇಳಲಿಲ್ಲ, ಅಷ್ಟೇ.

ಮೋಡ ಹರಿದ ಮೊದಲ ದಿನವೇ ಅದು ನಡೆದದ್ದು. ಓಣಿಯಲ್ಲಿ ಚಿಲಕಗಳ ಸದ್ದಿಗೆ ನನಗೆ ಎಚ್ಚರವಾಯಿತು. ಪಕ್ಕದ ಮನೆಯ ಸೊಸೆ ಹುಲಿಗೆಮ್ಮನ ದನಿ ಕೇಳಿತು. ಸಂಡೂರು ಕಡೆಯ ಬಂಡ್ರಿಯಿಂದ ಮದುವೆಯಾಗಿ ಬಂದವಳು. ಕಾಲುವೆ ನೀರು ಕಂಡರೆ ಹೆದರುತ್ತಿದ್ದಳು. ಹಂಪಮ್ಮನನ್ನು ಅತ್ತಿ ಎಂದೇ ಕರೆಯುತ್ತಿದ್ದಳು.

"ಅತ್ತೀ, ಇನ್ನಾ ಭಾಳ ಕತ್ಲ ಐತಲ್ಲ. ಇನ್ನೊಂದೀಟು ಮಲ್ಕೊಂತೀನಿ."

"ಬೆಳ್ಳಿ ಚಿಮಣಿ ದಾಟೈತಿ. ಏಳಲೇ, ಜಲ್ದಿ!"

ನಾನು ಎದ್ದು ಲೈಟ್ ಹಾಕಿ ಗಡಿಯಾರ ನೋಡಿದೆ. ಮೂರಕ್ಕೆ ಹತ್ತು ನಿಮಿಷ ಇತ್ತು. ಕಿಟಕಿ ತೆಗೆದು "ಇನ್ನೂ ಹೊತ್ತಾಗಿಲ್ಲ" ಎನ್ನಬೇಕು ಅನಿಸಿತು. ಆದರೆ, ಎಲ್ಲೋ ದೂರದ ಗದ್ದೆ ಇರಬೇಕು, ನನಗ್ಯಾಕೆ ಊರ ಉಸಾಬರಿ ಎಂದುಕೊಂಡು ಲೈಟ್ ಆರಿಸಿ ಮಲಗಿದೆ. ನಿದ್ದೆಯೂ ಚೆನ್ನಾಗಿ ಬಂತು. ಆ ನಿದ್ದೆಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಾಲುವೆಯ ಏರಿ ಒಂದು ಕಡೆ ಕುಸಿದಿತ್ತು. ದಿನವೂ ಅಲ್ಲಿಗೆ ಮುಟ್ಟುವಾಗ ಮಸುಕು ಬೆಳಕು ಬಂದಿರುತ್ತಿತ್ತು. ಅಂದು ಬೆಳಕಾಗಲು ಇನ್ನೂ ಒಂದೂವರೆ ತಾಸು ಬೇಕಿತ್ತು. ಸಾಲಿನ ಕೊನೆಗಿದ್ದ ಹುಲಿಗೆಮ್ಮ ಜಾರಿದ್ದು ಯಾರಿಗೂ ಕಾಣಲಿಲ್ಲ. ಒಂದು ಸಲ, ಒಂದೇ ಸಲ "ಅತ್ತೀ" ಎಂದಳಂತೆ. ಕತ್ತಲಲ್ಲಿ ಬಂದ ಒಂಟಿ ಕೂಗು. ಹೆಂಗಸರ್‍ಯಾರೂ ಹೆದರಿ ಓಗೊಡಲಿಲ್ಲ. ಹಂಪಮ್ಮನೂ ಓಗೊಡಲಿಲ್ಲ. ತಲೆ ಎಣಿಸಿದಾಗಲೇ ಒಬ್ಬಳು ಕಡಿಮೆ ಎಂದು ತಿಳಿದದ್ದು. ಮರುದಿನ ಮುಂದಿನ ತೂಬಿನ ಹತ್ತಿರ ಹೆಣ ಸಿಕ್ಕಿತು.

ಆಮೇಲೆ ಹಂಪಮ್ಮ ಯಾರ ಚಿಲಕವನ್ನೂ ಮುಟ್ಟಲಿಲ್ಲ. ಹೆಂಗಸರು ಫೋನಿನಲ್ಲಿ ಅಲಾರಂ ಇಟ್ಟುಕೊಂಡರು. ಆದರೆ ದಿನಾ ನಾಲ್ಕಕ್ಕೆ ನಾನು ಲೈಟ್ ಹಾಕುತ್ತಲೇ ಅಂಗಳದಿಂದ ಕೂಗು ಬರುತ್ತಿತ್ತು: "ಟೀಚರಮ್ಮಾ, ಟೀಚರಮ್ಮಾ, ಟೀಚರಮ್ಮಾ." ಹೊರಗೆ ಹೋದರೆ ಮೇಲಿನ ಚಿಕ್ಕಿಗೆ ಬೆರಳು ಮಾಡಿ ಕೇಳುತ್ತಿದ್ದಳು. "ಅದು ಬೆಳ್ಳಿ ಹೌದೋ, ಅಲ್ಲೋ?"

"ಅಲ್ಲ, ಅದು ಗುರು. ಬೆಳ್ಳಿ ಕೆಳಗ ಐತಿ ನೋಡ್ರಿ."

"ಹೂಂ" ಎಂದು ಹೋಗುತ್ತಿದ್ದಳು. ಮರುದಿನ ಮತ್ತೆ ಅದೇ ಪ್ರಶ್ನೆ. ಬೆಳ್ಳಿ ಎಂದೂ ನಡು ನೆತ್ತಿಗೆ ಬಂದು ಹೊಳೆಯುವುದಿಲ್ಲ, ಸೂರ್ಯನ ಸೆರಗು ಬಿಟ್ಟು ದೂರ ಹೋಗುವುದಿಲ್ಲ ಎಂದು ವಿವರಿಸಿದರೆ, "ಗೊತ್ತೈತ್ರಿ, ನಮ್ಮವ್ವ ಹೇಳಿದ್ಲು" ಎಂದಳು. ಗೊತ್ತಿದ್ದೂ ಯಾಕೆ ದಿನಾ ಬರುತ್ತಾಳೆ? ನನಗೆ ಅವಳನ್ನು ಕಂಡರೆ ಭಯವಾಗತೊಡಗಿತು.

ದೀಪಾವಳಿ ಕಳೆದ ಮೇಲೆ ಬೆಳ್ಳಿ ದಿನದಿನಕ್ಕೆ ಕೆಳಗಿಳಿಯಿತು. ಚಿಮಣಿ ದಾಟುವ ಮೊದಲೇ ಬೆಳಗಾಗುತ್ತಿತ್ತು. ಒಂದು ಮುಂಜಾನೆ ಹಂಪಮ್ಮ, "ನಾಳೆ ನಾಡಿದ್ದರಾಗ ತವರಿಗೆ ಹೊಂಟ್ಲು. ಇನ್ನ ನಾ ಬರಂಗಿಲ್ರಿ" ಎಂದಳು. ಈಗ ಬಿಟ್ಟರೆ ಇನ್ನೆಂದೂ ಆಗದೆಂದು ಹೇಳಿಯೇಬಿಟ್ಟೆ.

"ಹಂಪಮ್ಮ, ಅವತ್ತು ನನಗ ಎಚ್ಚರಿತ್ತು. ಗಡಿಯಾರ ನೋಡಿದ್ದೆ. ಹೊತ್ತಾಗಿಲ್ಲ ಅಂತ ಗೊತ್ತಿತ್ತು. ಕೂಗಲಿಲ್ಲ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸೆರಗು ಹೊದ್ದುಕೊಂಡು ನನ್ನ ಕಿಟಕಿಯನ್ನೇ ನೋಡಿದಳು.

"ಅದು ನನಗ ಗೊತ್ತೈತ್ರಿ. ಅವತ್ತು ಚಿಕ್ಕಿ ಯಾಕೋ ಹಳದಿ ಕಂಡಿತ್ತು. ನನಗೂ ಅನುಮಾನ ಬಂತು. ಎಲ್ಲಾರನ್ನ ಎಬ್ಬಿಸಿದ ಮ್ಯಾಲೂ ಹೋಗ್ಲೋ, ಬ್ಯಾಡೋ ಅಂತ ಓಣ್ಯಾಗ ನಿಂತಿದ್ದೆ. ಅಷ್ಟರಾಗ ನಿಮ್ಮ ಲೈಟ್ ಹತ್ತಿತು. ಟೀಚರಮ್ಮ ಎದ್ದಾರಂದ್ರ ಟೈಮ್ ಆಗೈತಿ ಅಂತ ಧೈರ್ಯ ಮಾಡಿದೆ."

ನನಗೆ ಅಳು ಬಂತು. ಅವಳೇ ನನ್ನ ಕೈ ಹಿಡಿದು, "ಅಳಬ್ಯಾಡ್ರಿ. ಅವತ್ತಿಂದು ನೀವು ಒಬ್ರರ ಬಾಯಿಬಿಟ್ಟು ಹೇಳ್ತೀರೇನೋ ಅಂತ ಬರ್ತಿದ್ದೆ. ಹೇಳಿದ್ರಿ, ಸಾಕು" ಎಂದಳು. ಕೈ ತಣ್ಣಗಿತ್ತು. ಅದೇ ಕೊನೆ. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ನಿದ್ದೆಯಲ್ಲೇ ತೀರಿಕೊಂಡಳು. ಬಾಗಿಲು ತೆರೆಯಲಿಲ್ಲವೆಂದು ಹೆಂಗಸರು ಬಹಳ ಹೊತ್ತು ಅವಳ ಮನೆಯ ಚಿಲಕ ಅಲ್ಲಾಡಿಸಿದರು.

ಬೆಳ್ಳಿ ಈಗ ಮತ್ತೆ ಮುಂಜಾನೆಗೆ ಬಂದಿದೆ. ಮೊನ್ನೆ ಎಚ್ಚರವಾದಾಗ ಹೊರಗೆ "ಟೀಚರಮ್ಮಾ" ಎಂದಂತಾಯಿತು. ಇನ್ನೆರಡು ಸಲಕ್ಕೆ ಕಿವಿಗೊಟ್ಟು ಕಾದೆ. ಬರಲಿಲ್ಲ. ಆದರೂ ಈ ಸಲ "ಓ" ಎಂದೆ. ಲೈಟ್ ಮಾತ್ರ ಹಾಕಲಿಲ್ಲ.