ನಮ್ಮವರ ಬ್ರಿಟಿಷ್ ಪ್ರಧಾನಿ

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಿಂದ ಹ್ಯೂಸ್ಟನ್ನಿನ ಆಸ್ಪತ್ರೆಗೆ ಹೋಗಿಬರುವ ದಾರಿಯಲ್ಲಿ ನಮ್ಮವರು ಒಬ್ಬ ಬ್ರಿಟಿಷ್ ಪ್ರಧಾನಿಯನ್ನು ಹುಟ್ಟಿಸಿ, ಬೆಳೆಸಿ, ಗದ್ದುಗೆಗೆ ಏರಿಸಿದರು. ಡ್ರೈವ್ ಮಾಡುತ್ತಿದ್ದವಳು ನಾನು. ಪಕ್ಕದ ಸೀಟಿನಲ್ಲಿ ಶಾಲು ಹೊದ್ದು ಕೂತು ಇಂಗ್ಲೆಂಡ್ ಆಳುತ್ತಿದ್ದವರು ಅವರು.

ಇದೆಲ್ಲ ಶುರುವಾದದ್ದು ರೇಡಿಯೋದಿಂದ. ಲಂಡನ್ನಿನಲ್ಲಿ ಪ್ರಧಾನಿಯ ಕುರ್ಚಿ ಅಲುಗಾಡುತ್ತಿದೆ ಎಂದು ಯಾರೋ ಹೇಳುತ್ತಿದ್ದರು. ಇವರು ಅದನ್ನು ಆರಿಸಿ, ಇದಕ್ಕಿಂತ ಗಟ್ಟಿ ಪ್ರಧಾನಿಯನ್ನು ನಾನೇ ಮಾಡಬಲ್ಲೆ ಎಂದರು. ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡವರಿಗೆ ಊರ ಉಸಾಬರಿ ಯಾಕೆ ಎಂದು ನನಗೆ ರೇಗಿತು. ಆದರೆ ಕೀಮೋ ಶುರುವಾದ ಮೇಲೆ ಅವರು ಮನಸ್ಸಿಟ್ಟು ಬಾಯಿ ಬಿಟ್ಟದ್ದು ಅಂದೇ. ಹಾಳಾಗಿ ಹೋಗಲಿ, ಮಾತಾದರೂ ಆಡಲಿ ಎಂದು ಸುಮ್ಮನಾದೆ.

ಪ್ರಧಾನಿ ಸಮುದ್ರದಂಡೆಯ ಯಾವುದೋ ಸಣ್ಣ ಊರಿನ ಬೇಕರಿಯವನ ಮಗ. ಚಿಕ್ಕಂದಿನಲ್ಲಿ ಮಾತು ತೊದಲು. ಮೇಷ್ಟರಾಗಿದ್ದವನು ರಾಜಕೀಯಕ್ಕೆ ಇಳಿದು ಮೊದಲ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ, ಮುಂದಿನದರಲ್ಲಿ ಹೇಗೋ ಗೆದ್ದ, ರೈಲ್ವೆ ಮಂತ್ರಿಯಾದ. ಪಕ್ಷದ ದೊಡ್ಡ ಮನುಷ್ಯರಿಬ್ಬರು ಕಿತ್ತಾಡಿಕೊಂಡದ್ದರಿಂದ, ಯಾರಿಗೂ ಬೇಡವಾಗಿದ್ದ ಇವನಿಗೆ ಪಟ್ಟ ಬಂತು. ಇಂಗ್ಲೆಂಡಿನವನು ಎಂಬುದು ಹೆಸರಿಗೆ ಮಾತ್ರ. ಬೆಳಿಗ್ಗೆ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದ, ಚಳಿಗೆ ಮಂಕಿ ಕ್ಯಾಪ್ ಹಾಕುತ್ತಿದ್ದ, ಹೆಂಡತಿಗೆ ಹೆದರುತ್ತಿದ್ದ. ನಾನು ವಿರೋಧ ಪಕ್ಷ. ತೆರಿಗೆ ಏರಿಸದೆ ಮುದುಕರ ಪೆನ್ಷನ್ ಹೆಚ್ಚಿಸಿದ್ದು ಹೇಗೆ ಎಂದು ಒಮ್ಮೆ ಕೆಣಕಿದ್ದಕ್ಕೆ, ಮನೆ ಮುಟ್ಟುವವರೆಗೂ ವಾದ ಮಾಡಿದರು. ಅವತ್ತು ಅವರಿಗೆ ವಾಂತಿಯ ನೆನಪೇ ಆಗಲಿಲ್ಲ.

ಪಟ್ಟಕ್ಕೆ ಬಂದ ಮೇಲೆ ನನಗೊಂದು ತಾಕೀತು ಬಂತು. ಇನ್ನು ಅವನು ಗಿವನು ಎನ್ನಕೂಡದು, ‘ಅವರು’ ಎನ್ನಬೇಕು. ಪೇಚಾಟ ಶುರುವಾದದ್ದೇ ಅಲ್ಲಿ. ನಾನು ಗಂಡನ ಹೆಸರು ಹಿಡಿದು ಮಾತಾಡಿದವಳಲ್ಲ. ನನ್ನ ಬಾಯಲ್ಲಿ ಅವರು ಎಂದರೆ ನಮ್ಮವರೇ. ಡಾಲಸ್ ಬಳಿಯ ಸೌತ್‌ಲೇಕ್‌ನಿಂದ ಮಗಳು ಫೋನ್ ಮಾಡಿದಾಗ, ಅವರು ಪಾರ್ಲಿಮೆಂಟಿನಲ್ಲಿ ಬೈಸಿಕೊಂಡು ಈಗಷ್ಟೇ ಬಂದರು ಎಂದುಬಿಟ್ಟೆ. ಅಪ್ಪನಿಗೆ ಭ್ರಮೆ ಹಿಡಿದಿದೆ, ಅಮ್ಮನಿಗೂ ಅಂಟಿದೆ ಎಂದು ಅವಳಿಗೆ ಗಾಬರಿ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕರು.

ಆ ಕೀಮೋ ಹಿಡಿಯಲಿಲ್ಲ. ಅದರ ನಂತರ ಕೊಟ್ಟದ್ದೂ ಹಿಡಿಯಲಿಲ್ಲ. ಇನ್ನೊಂದು ಹೊಸ ಔಷಧಿ ಇದೆ, ಗುಣವಾಗುತ್ತದೆಂದು ಹೇಳಲಾರೆವು, ಸ್ವಲ್ಪ ಕಾಲ ಸಿಗಬಹುದು ಎಂದರು ಆಸ್ಪತ್ರೆಯಲ್ಲಿ. ಮಗಳದು ಒಂದೇ ಹಟ. “ಡೋಂಟ್ ಲೆಟ್ ಹಿಮ್ ಗಿವ್ ಅಪ್, ಅಮ್ಮಾ.” ಬಿಟ್ಟುಕೊಡಬಾರದು ಎಂದು ನನಗೂ ಆಸೆಯಿತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಅವರಿಗೆ ಏನು ಬೇಕು ಎಂಬುದು ಮಾತ್ರ ಗೊತ್ತಾಗಲಿಲ್ಲ. ಕೇಳಿದರೆ, ನೀವಿಬ್ಬರು ಹೇಳಿದ ಹಾಗೆ ಎಂದು ತಟ್ಟೆ ಸರಿಸಿ ಏಳುತ್ತಿದ್ದರು.

ಡಾಕ್ಟರಿಗೆ ಉತ್ತರ ಹೇಳಬೇಕಾಗಿದ್ದ ದಿನ ಅರ್ಧ ದಾರಿಯವರೆಗೆ ಕಣ್ಣು ಮುಚ್ಚಿಯೇ ಇದ್ದರು. ಹ್ಯೂಸ್ಟನ್ ಹತ್ತಿರವಾಗುತ್ತ ಪ್ರಧಾನಿಯ ಸುದ್ದಿ ತೆಗೆದರು. ಪಕ್ಷದವರು ಇನ್ನೊಂದು ಸಲ ನಿಲ್ಲಿ ಎಂದು ಪ್ರಾಣ ತಿನ್ನುತ್ತಿದ್ದಾರಂತೆ. ನಿಂತರೆ ಇನ್ನಷ್ಟು ದಿನ ಕುರ್ಚಿ ಉಳಿಯಬಹುದು, ಆದರೆ ಅದರಲ್ಲಿ ಕೂರುವ ಶಕ್ತಿ ಇಲ್ಲವಂತೆ.

“ಅವರಿಗೆ ಸಾಕಾಗಿದೆ ಕಣೇ,” ಎಂದರು.

“ಯಾರಿಗೆ ರೀ?”

ಅವರು ಕಿಟಕಿಯ ಕಡೆ ತಿರುಗಿದರು. “ಪ್ರಧಾನಿಗಳಿಗೆ.”

ಸ್ವಲ್ಪ ದೂರ ಹೋದಮೇಲೆ, ಪ್ರಧಾನಿಗಳು ಇದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಹೆಂಡತಿ ಅಳುತ್ತಾಳೆ, ಮಗಳು ಜಗಳಕ್ಕೆ ಬರುತ್ತಾಳೆ, ಅದನ್ನು ಎದುರಿಸುವ ಧೈರ್ಯ ದೇಶ ಆಳಿದವರಿಗೂ ಇಲ್ಲ ಎಂದರು. ನಾನು ಅಳಲಿಲ್ಲ. ಅಳಬೇಕೆಂದರೆ ಕಾರು ಪಕ್ಕಕ್ಕೆ ಹಾಕಬೇಕಿತ್ತು, ಅಪಾಯಿಂಟ್‌ಮೆಂಟಿಗೆ ತಡವಾಗುತ್ತಿತ್ತು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯ ಹೆಂಗಸು. ಹೊಸ ಔಷಧಿಯ ಬಗ್ಗೆ ಏನು ನಿರ್ಧಾರ ಮಾಡಿದಿರಿ ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ನನಗೆ ಬೇರೆ ಮಾತೇ ಹೊಳೆಯದೆ, ಅವರು ರಾಜೀನಾಮೆ ಕೊಟ್ಟಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಅದನ್ನು ಕೆಲಸದ ರಾಜೀನಾಮೆ ಎಂದುಕೊಂಡು, ಅವಸರ ಯಾಕೆ ಮಾಡಿದಿರಿ, ರಜೆ ಹಾಕಬಹುದಿತ್ತಲ್ಲ, ಇನ್ಶೂರೆನ್ಸಿನ ಗತಿಯೇನು ಎಂದು ಕಳಕಳಿಯಿಂದ ವಿಚಾರಿಸಿದರು. ಇನ್ನು ಬಿಡಿಸಿ ಹೇಳದೆ ವಿಧಿಯಿರಲಿಲ್ಲ. ಯಾವ ಔಷಧಿಯೂ ಬೇಡ, ಇವರನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ನಾನೇ ಹೇಳಿದೆ, ಇದೇ ಬಾಯಲ್ಲಿ. ಮಗಳು ಈಗಲೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ.

ಅವರು ನನ್ನ ಕೈಮೇಲೆ ಕೈಯಿಟ್ಟು, “ಥ್ಯಾಂಕ್ಸ್ ಕಣೇ,” ಎಂದರು. ನಮ್ಮಲ್ಲಿ ಕಟ್ಟಿಕೊಂಡವಳಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಇಷ್ಟು ವರ್ಷ ಬಡಿಸಿದ್ದಕ್ಕೆ, ಬಟ್ಟೆ ಮಡಿಸಿದ್ದಕ್ಕೆ, ಹೆತ್ತದ್ದಕ್ಕೆ ಒಂದು ದಿನವೂ ಹೇಳದವರು, ಬಾಗಿಲು ತೆರೆದು ಹಿಡಿದ ಅಪರಿಚಿತಳಿಗೆ ಹೇಳುವಂತೆ ಹೇಳಿಬಿಟ್ಟರು. ನನಗೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ಡಾಕ್ಟರ ಎದುರಿಗೇ, ಜೋರಾಗಿ ಅತ್ತುಬಿಟ್ಟೆ.