ಬೀರಣ್ಣ ಮನೆ ಬದಲಿಸಿದ್ದು

ಮನೆ ಸಾಮಾನು ಸಾಗಿಸುವ ಲಾರಿಯವನಿಗೆ ಬೀರಣ್ಣ ಎಂದು ಹೆಸರು ಬಿದ್ದದ್ದು, ಕಬ್ಬಿಣದ ಬೀರುವನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು ಮಹಡಿ ಇಳಿಯುತ್ತಿದ್ದುದರಿಂದ. ಕೋಪ ಬಂದಾಗ ಹೆಂಡತಿ 'ಅಣ್ಣ' ಬಿಟ್ಟು ಬರೀ 'ಬೀರು' ಅನ್ನುತ್ತಿದ್ದಳು.

ದೊಡ್ಡ ನಗರದಿಂದ ನದಿಯಾಚೆಯ ಸಣ್ಣ ಊರುಗಳಿಗೆ ಹೋಗುವಾಗ ಲಾರಿ ಕಿಕ್ಕಿರಿದಿರುತ್ತಿತ್ತು, ಬರುವಾಗ ಖಾಲಿ ಡಬ್ಬ. ಬಾಡಿಗೆ ಕಟ್ಟಲಾರದವರೆಲ್ಲ ಗುಳೆ ಹೊರಟಿದ್ದರು. ಕೊನೆಗೆ ಬೀರಣ್ಣನ ಸರದಿಯೂ ಬಂತು. ನಗರದಲ್ಲಿ ಅವನು ಹುಟ್ಟಿ ಬೆಳೆದ ಒಂದೂವರೆ ಕೋಣೆಯ ಮನೆಯ ಬಾಡಿಗೆಯೇ ಅವನ ದುಡಿಮೆಯನ್ನೆಲ್ಲ ನುಂಗಿ ನೀರು ಕುಡಿಯತೊಡಗಿದಾಗ, ಹೆಂಡತಿ ಮಗಳನ್ನು ಕರೆದುಕೊಂಡು ಅವನೂ ನದಿ ದಾಟಿದ.

ಹೊಸ ಮನೆಯ ಅಡುಗೆಕೋಣೆಗೆ ಸ್ವಂತ ಕಿಟಕಿಯಿತ್ತು. ಆದರೆ ಕೆಲಸ ನದಿ ದಾಟಿ ಬರಲಿಲ್ಲ. ಹೆಂಡತಿ ನಗರದ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದಳು. ಬೆಳಕು ಹರಿಯುವ ಮೊದಲೇ ರೈಲು ಹಿಡಿಯಬೇಕು. ಮರಳಿ ಬಂದವಳು ಚಪ್ಪಲಿ ಬಿಚ್ಚುತ್ತಲೇ ಗೋಡೆಗೊರಗಿ ನಿದ್ದೆ ಹೋಗುವಳು.

"ಕಿಟಕಿ ಕಿಟಕಿ ಅಂತೀಯ, ಅದರಲ್ಲಿ ನಾನು ಬಿಸಿಲು ಕಂಡಿದ್ದು ಯಾವತ್ತು ಹೇಳು?" ಎಂದು ಒಮ್ಮೆ ರೇಗಿದಳು.

ಎರಡನೇ ವರ್ಷ ಮನೆಯೊಡತಿ ಬಂದಳು. "ನಗರದೋರು ಯಾರೋ ಎರಡರಷ್ಟು ಬಾಡಿಗೆ ಕೊಡ್ತಾರಂತೆ. ತಿಂಗಳ ಕೊನೆಗೆ ಮನೆ ಬಿಟ್ಕೊಡಿ." ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು. "ಹೇಗೂ ನಿಮ್ಮ ಲಾರಿ ಇದ್ಯಲ್ಲ, ಅವರ ಸಾಮಾನು ಹೇರ್ಕೊಂಡು ಬನ್ನಿ. ಇಳಿಸಿ ನಿಮ್ದು ತುಂಬ್ಕೊಂಡು ಹೋಗಿ. ಖಾಲಿ ಓಡೋದಾದ್ರೂ ತಪ್ಪುತ್ತೆ."

ಬೀರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. "ಸತ್ರೂ ಹೊರಲ್ಲ ನಾನು!"

"ಹೊರು," ಎಂದಳು ಹೆಂಡತಿ. "ಡೀಸೆಲ್ ಬದಲು ಸಿಟ್ಟು ಸುರಿದ್ರೆ ಲಾರಿ ಓಡುತ್ತಾ?"

ಹೊತ್ತ. ಬಂದವರಿಗೆ ನಾಲ್ಕು ಮಾತು ಆಡಿಯೇ ತೀರಬೇಕೆಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದಿದ್ದ. ಆದರೆ ಅವರಲ್ಲಿ ಕೈಗೂಸನ್ನೆತ್ತಿಕೊಂಡಿದ್ದ ಹುಡುಗಿ ಮೆಟ್ಟಿಲ ಬಳಿ ತಾನೇ ಬಾಯಿಬಿಟ್ಟಳು: "ನಮ್ಮ ಕಟ್ಟಡಾನ ಹೋಟೆಲ್ ಮಾಡ್ತಾರಂತೆ ಅಣ್ಣಾ, ಎದ್ದು ಹೋಗಿ ಅಂದ್ಬಿಟ್ರು. ಗಂಡ ಹೆಂಡ್ತಿ ಇಬ್ಬರೂ ದುಡಿದ್ರೂ ಈ ಬಾಡಿಗೆ ಕಷ್ಟಾನೇ. ಇಲ್ಲೆಲ್ಲಾದ್ರೂ ಕಮ್ಮಿದು ಇದ್ರೆ ಹೇಳ್ತೀರಾ?" ಬೀರಣ್ಣ ಅವಳ ಬೀರುವನ್ನು ಮೇಲೇರಿಸಿ, ತನ್ನದನ್ನು ಕೆಳಗಿಳಿಸಿದ.

ಅಲ್ಲಿಂದ ಅವರು ಹೋದದ್ದು ರೈಲೂ ಮುಟ್ಟದ ಊರಿಗೆ. ಹೆಂಡತಿ ಆಸ್ಪತ್ರೆ ಬಿಟ್ಟು, ಹೆದ್ದಾರಿಯ ಲಾಡ್ಜೊಂದರಲ್ಲಿ ಅರ್ಧ ಸಂಬಳಕ್ಕೆ ಹಾಸಿಗೆ ಹಾಸತೊಡಗಿದಳು. ಮಗಳು ಹೊಸ ಶಾಲೆಯಲ್ಲಿ ಯಾರನ್ನೂ ಮಾತನಾಡಿಸಲಿಲ್ಲ. ಕೇಳಿದರೆ, "ಮತ್ತೆ ಹೋಗ್ತೀವಲ್ಲ ಅಪ್ಪ," ಎಂದಳು.

ಮೊದಲ ವಾರವೇ ಹಾಲಿನ ಅಂಗಡಿಯವನು ಮೂತಿ ತಿರುವಿದ. "ನಿಮ್ಮಂಥ ನಗರದೋರು ಬಂದ್ಮೇಲೆ ನನ್ನ ಮಗಂಗೇ ಇಲ್ಲಿ ಬಾಡಿಗೆ ಮನೆ ಸಿಗ್ತಿಲ್ಲ."

"ನಾನು ನಗರದೋನಲ್ಲ ಕಣಯ್ಯ!"

"ಮತ್ತೆ ಯಾವೂರು?"

ಬೀರಣ್ಣ ಹಾಲು ಹಿಡಿದು ಸರಸರನೆ ನಡೆದುಬಿಟ್ಟ. ಮನೆಗೆ ಬಂದು, ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದ ಸಿಟ್ಟಿಗೆ ಪಾತ್ರೆ ಕುಕ್ಕಿದ. ಹಾಲೆಲ್ಲ ಚೆಲ್ಲಿತು.

"ಬೀರು!" ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಅವನು ಬಟ್ಟೆ ತಂದು ನೆಲ ಒರೆಸಿದ.