ಸೀಳಂಗುಳದ ಅಕ್ತೋಶ್

ಕುರಿ ಮೇಯಿಸುವ ಬುರುಲಳ ನಾಯಿ ಅಕ್ತೋಶನಿಗೆ ಹುಟ್ಟಿನಿಂದಲೇ ಅಂಗುಳ ಸೀಳಿತ್ತು. ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಅದು ಮರಿಯಾಗಿದ್ದಾಗ ಅವಳ ಗಂಡ ತೊಕ್ತೊಸುನ್ "ಹೊಳೆಗೆ ಬಿಡು" ಎಂದಿದ್ದ. ಅವಳು ಮಾತು ಕೇಳುವ ಹೆಂಗಸಲ್ಲ. ಕುರಿಹಾಲನ್ನು ಹನಿಹನಿಯಾಗಿ ಕುಡಿಸಿ ಸಾಕಿದಳು. ದೊಡ್ಡದಾದ ಮೇಲೂ ಸೀಳಿನಲ್ಲಿ ಸಿಕ್ಕಿದ ಚೂರುಗಳನ್ನು ದಿನಾ ಬೆರಳು ಹಾಕಿ ತೆಗೆಯುತ್ತಿದ್ದಳು. ಕೂಗಿದರೆ ತಿರುಗದ ಆ ನಾಯಿಯನ್ನು ತೊಕ್ತೊಸುನ್ ಕರೆಯುತ್ತಿದ್ದದ್ದು "ಮೊಂಡ" ಎಂದೇ.

ಆ ಬೇಸಿಗೆ ಬೆಟ್ಟದ ಮೇಲಿನ ಹುಲ್ಲುಗಾವಲಲ್ಲಿ ಹುಚ್ಚು ತೋಳವೊಂದು ಪಕ್ಕದವರ ಮಂದೆಗೆ ನುಗ್ಗಿತು. ಅದಾಗಿ ಸ್ವಲ್ಪ ದಿನಕ್ಕೆ ಅಕ್ತೋಶ್ ತಲೆ ಓರೆ ಮಾಡಿಕೊಂಡು ಡೇರೆಯ ಮುಂದೆ ಗಿರಕಿ ಹೊಡೆಯತೊಡಗಿತು. ತೂರಾಡಿ ಬಿತ್ತು, ಜೊಲ್ಲು ಸುರಿಸಿತು, ನೀರಿಟ್ಟರೆ ಮುಖ ತಿರುಗಿಸಿತು.

ತೊಕ್ತೊಸುನ್ ಕೋವಿ ತಂದ. "ಆಚೆ ಸರ್ಕೊಳ್ಳೇ. ಹುಚ್ಚು ಹಿಡಿದಿದೆ ಇದಕ್ಕೆ."

ಬುರುಲ್ ಉಣ್ಣೆ ತೊಳೆದು ಬಿರಿದ ಬೆರಳನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡಳು.

"ರೀ, ಬೆಳಿಗ್ಗೆ ಇದರ ಬಾಯಿಗೆ ಕೈ ಹಾಕಿದ್ದೆ ಕಣ್ರೀ."

ಕೋವಿ ಕೆಳಗಿಳಿಯಿತು. "ಅವತ್ತೇ ಬಡ್ಕೊಂಡೆ, ಹೊಳೆಗೆ ಬಿಡೇ ಅಂತ. ಕೇಳಿದ್ಯಾ?" ಬೈಯುತ್ತಲೇ ಅವನು ನಾಯಿಯನ್ನು ಗೂಟಕ್ಕೆ ಬಿಗಿದು, ಹುಚ್ಚು ಹೌದೋ ಅಲ್ಲವೋ ನೋಡಿ ಹೇಳಲಿ ಎಂದು ಪಶುವೈದ್ಯೆಯನ್ನು ಕರೆತರಲು ಕುದುರೆ ಹತ್ತಿದ.

ಮಡಿಲಲ್ಲಿ ಕೆಂಡ ಕಟ್ಟಿಕೊಂಡೆನೇ ಎಂದು ಬುರುಲ್ ಸಾಬೂನು ಸವೆಯುವಷ್ಟು ಬೆರಳು ತೊಳೆದಳು. ಚಹಾ ಗಂಟಲಲ್ಲಿ ಇಳಿಯುತ್ತದೆಯೇ ಎಂದು ಮತ್ತೆಮತ್ತೆ ಗುಟುಕರಿಸಿ ನೋಡಿದಳು. ಸಾಯುವ ಭಯ ಅವಳಿಗೆ ಹಿಂದೆಂದೂ ಹಾಗೆ ಹಿಡಿದಿರಲಿಲ್ಲ.

ವೈದ್ಯೆ ನಾಯಿಯ ಬಾಯಿ ಕಟ್ಟಿಸಿ ಕಿವಿ ನೋಡಿದಳು. "ಅಕ್ಕಾ, ಅಂಗುಳ ಸೀಳಿದ್ರೆ ಗಂಟಲಿಂದ ಕಿವಿಗೆ ಹೋಗೋ ನಾಳ ಸರಿಯಾಗಿ ತೆರೆಯಲ್ಲ. ಒಳಗೆ ನೀರು ಕಟ್ಟಿ ಕೀವಾಗುತ್ತೆ. ತಲೆ ಓರೆ, ಗಿರಕಿ ಎಲ್ಲ ಅದರಿಂದ್ಲೇ ಇರಬೇಕು. ಈ ಕಿವಿ ಎಂದೋ ಕಿವುಡಾಗಿದೆ."

"ಹಾಗಾದ್ರೆ ಹುಚ್ಚಲ್ವಾ?"

"ನನಗೆ ಹಾಗನ್ನಿಸಲ್ಲ. ಆದ್ರೂ ನೀವು ಇವತ್ತೇ ಸೂಜಿ ಹಾಕಿಸ್ಕೊಳ್ಳಿ. ಹುಚ್ಚು ಹಿಡಿದ ನಾಯಿ ಹತ್ತು ದಿನ ಉಳಿಯಲ್ಲ. ಇದು ಅಷ್ಟು ದಿನ ಬದುಕಿದ್ರೆ ನಿಮಗೆ ಭಯ ಇಲ್ಲ."

ಹೊಳೆಗೆ ಬಿಡು ಎಂದವನೇ ಈಗ ಮಾಂಸದ ಸಾರಿನಲ್ಲಿ ಔಷಧ ಬೆರೆಸಿ, ಬೋಗುಣಿಯನ್ನು ಕೋಲಿನಿಂದ ನಾಯಿಯ ಮುಂದೆ ತಳ್ಳುತ್ತಿದ್ದ. "ತಿನ್ನೋ ಮೊಂಡ, ತಿನ್ನೋ" ಎಂದು ಗೋಗರೆಯುತ್ತಿದ್ದ.

ಹತ್ತನೆಯ ಬೆಳಿಗ್ಗೆ ಅದು ಮಿಸುಕದೆ ಮಲಗಿತ್ತು. ಬುರುಲ್ ಬಾಗಿಲಲ್ಲೇ ನಿಂತುಬಿಟ್ಟಳು.

"ಅಕ್ತೋಶ್!" ತೊಕ್ತೊಸುನ್ ಮೊದಲ ಸಲ ಹೆಸರು ಹಿಡಿದು ಕೂಗಿದ. ನಾಯಿ ಅಲುಗಲಿಲ್ಲ.

ಅವನು ಸುತ್ತಿ ಹೋಗಿ, ಕೇಳುವ ಕಿವಿಯ ಕಡೆ ಬಗ್ಗಿ, ಮತ್ತೊಮ್ಮೆ ಕರೆದ. ನಾಯಿ ತಲೆ ಎತ್ತಿತು, ಇನ್ನೂ ಓರೆಯಾಗಿಯೇ.